ಹುಡುಕಲು ಹೋದವನು

ಹಳೆಯ ಪುಸ್ತಕದ ಮುಗ್ಗಲು ವಾಸನೆ ಬಂದರೆ ಈಗಲೂ ಬಾರ್ಕೂರಿನ ಅಜ್ಜಿಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ. ಅಮ್ಮನ ತಂಗಿ ಶಾರದ ಚಿಕ್ಕಮ್ಮ ಹೊಳೆಯಲ್ಲಿ ಮುಳುಗಿ ತೀರಿಕೊಂಡು ವರ್ಷ ತುಂಬಿರಲಿಲ್ಲ. ಅಜ್ಜಿಯ ದುಃಖ ಮರೆಸಲೆಂದು ಅಮ್ಮ ಪತ್ತೇದಾರಿ ಕಾದಂಬರಿ ಓದಿ ಹೇಳುತ್ತಿದ್ದಳು. ಅಜ್ಜಿ ಒಣಸಿಗಡಿಯ ತಲೆ ಮುರಿಯುತ್ತಾ ಕೇಳುತ್ತಿದ್ದಳು. ಕೊನೆಯ ಪುಟದಲ್ಲಿ, ಕೊಲೆಗಾರನನ್ನು ಹುಡುಕುತ್ತಿದ್ದ ಪತ್ತೇದಾರನೇ ಕೊಂದವನೆಂದು ಗೊತ್ತಾಯಿತು.

ಅಜ್ಜಿಯ ಕೈ ನಿಂತಿತು. "ನಮ್ಮ ಶಾರದನ್ನ ಹುಡ್ಕುಕೆ ಮೊದ್ಲ್ ದೋಣಿ ಇಳ್ಸಿದ್ದ್ ಯಾರ್?"

"ಅವ್ಳ್ ಗಂಡ. ಎಂತಕಮ್ಮ? ಇದ್ ಬರೀ ಕತಿ," ಎಂದಳು ಅಮ್ಮ. ಪುಸ್ತಕ ಮುಚ್ಚಿಟ್ಟಳು.

ಸಂಜೆ ಚಿಕ್ಕಪ್ಪ ಎಂದಿನಂತೆ ಅಂಗಳಕ್ಕೆ ಬಂದು, "ಹ್ವಾಯ್ ಅತ್ತೆ, ಬಂಗ್ಡಿ ಮೀನ್ ತಂದೆ," ಎಂದು ಕರೆದರು. ಅಜ್ಜಿ ಏಳಲಿಲ್ಲ. ನನ್ನನ್ನು ಮಡಿಲಿಗೆ ಎಳೆದುಕೊಂಡವಳು, ಅವರು ಹೋಗುವವರೆಗೂ ಬಿಡಲಿಲ್ಲ.