ಗಡಿಯಲ್ಲಿದ್ದ ಗಿರಾಕಿ

ಆ ಮನುಷ್ಯ ದುಡ್ಡು ಕೊಡುವವನಲ್ಲ ಎಂಬುದು ಮಲ್ಲಿಕಾಗೆ ಮೊದಲ ದಿನವೇ ಗೊತ್ತಿತ್ತು. ಆದರೆ ಅದನ್ನು ಬಾಯಿ ಬಿಟ್ಟು ಹೇಳುವ ಹಾಗಿರಲಿಲ್ಲ. ಮಾರಲು ಹೊರಟಿದ್ದುದು ಅವಳದೇ ಕ್ಯಾಮೆರಾ. ಅವಳು ಏನೇ ಅಂದರೂ ಮಾರಲು ಮನಸ್ಸಿಲ್ಲದೆ ತೆಗೆದ ನೆಪ ಎಂದು ಗಂಡ ತಿಳಿಯುತ್ತಿದ್ದ.

"ನೋಡಬೇ ಯವ್ವಾ, ಮೀಸಿ ನೋಡು!" ಕಿರಣಕುಮಾರ ಮೊಬೈಲನ್ನು ತಾಯಿಯ ಮುಖದ ಮುಂದೆ ಹಿಡಿದ. "ಮೇಜರ್ ಅಂತ. ಮನಿ ಬೆಳಗಾವಿ ಕಡೆ, ಡ್ಯೂಟಿ ರಾಜಸ್ಥಾನದ ಗಡಿಯಾಗ. ಹೆಂಡ್ತಿಗೆ ಕೊಡಾಕ ಬೇಕಂತ. ಒಂದ್ ಮಾತು ಚೌಕಾಸಿ ಮಾಡಲಿಲ್ಲ!"

ಅತ್ತೆ ತಾಯವ್ವ ಮೆಂತ್ಯದ ಸೊಪ್ಪು ಸೋಸುತ್ತಿದ್ದಳು. "ಮಾರಿ ಕೈ ತೊಳಕೋ. ಸೊಸಿ ಅನ್ನಾಕಿ ಅದನ್ನ ಕೊರಳಿಗೆ ಕಟ್ಕೊಂಡು ಊರೂರು ತಿರಗೂದು ಸಾಕಾಗೇತಿ."

ಮಲ್ಲಿಕಾ ಮುಸುರೆ ಪಾತ್ರೆಗಳನ್ನು ಎತ್ತಿಕೊಂಡು ಹಿತ್ತಲಿಗೆ ನಡೆದಳು.

ತವರಿನವರು ಕೊಟ್ಟ ಚಿನ್ನದ ಬೋರಮಾಳ ಸರ ಕರಗಿ ಆ ಕ್ಯಾಮೆರಾ ಆಗಿತ್ತು. ತಮ್ಮೂರು ಸಂಶಿಯಲ್ಲೂ ಸುತ್ತಲಿನ ಹಳ್ಳಿಗಳಲ್ಲೂ ಬಸುರಿಯರ ಕುಬಸಕ್ಕೆ, ಕೂಸಿನ ತೊಟ್ಟಿಲಿಗೆ ಅವಳನ್ನೇ ಕರೆಯುತ್ತಿದ್ದರು. ಗಂಡಸು ಫೋಟೊ ತೆಗೆಯಲು ಬಂದರೆ ಬಸುರಿ ಹೆಣ್ಣು ಕತ್ತು ಎತ್ತುವುದಿಲ್ಲ. ಇವಳ ಮುಂದಾದರೆ ಆ ಹೆಣ್ಣುಮಕ್ಕಳು ಹಸಿರು ಸೀರೆಯ ನೆರಿಗೆ ತಾವೇ ಸರಿಮಾಡಿಕೊಳ್ಳುತ್ತಿದ್ದರು. ರಾತ್ರಿಯ ನಿದ್ದೆಗೇಡು ಕಣ್ಣಿನ ಕೆಳಗೆ ಬಿಟ್ಟ ಕಪ್ಪನ್ನು ಅವಳು ಮೊಬೈಲಿನಲ್ಲಿ ತಿದ್ದಿ ಕೊಟ್ಟರೆ, "ಅಕ್ಕಾ, ನಾ ಖರೇನ ಹಿಂಗ ಕಾಣ್ತೀನೇನು?" ಎಂದು ನಾಚುತ್ತಿದ್ದರು.

ಅದೆಲ್ಲ ಕೆಟ್ಟದ್ದು ಒಂದೇ ಮಾತಿಗೆ. ಕುಂದಗೋಳದ ಕುಬಸ ಮುಗಿಸಿ ಅವಳು ಕಡೆಯ ಬಸ್ಸಿಗೆ ಇಳಿದ ದಿನ ಚಹಾದಂಗಡಿಯಲ್ಲಿ ಯಾರೋ ಕೇಳಿದ್ದರು: "ಕಿರಣಣ್ಣಾ, ಇವತ್ತ ರೊಟ್ಟಿ ಬಡಿಯೋದು ನಿಂದ ಪಾಳಿ ಏನು?" ಎಲ್ಲರೂ ನಕ್ಕರು. ಅವನೂ ನಕ್ಕ. ಮನೆಗೆ ಬಂದವನು ಉಣ್ಣಲಿಲ್ಲ. ಮರುದಿನವೇ ಕ್ಯಾಮೆರಾದ ಜಾಹೀರಾತು ಮೊಬೈಲಿನಲ್ಲಿ ಬಿತ್ತು.

ಮೇಜರ್ ಫೋನ್ ಎತ್ತುತ್ತಿರಲಿಲ್ಲ. ಗಡಿಯಲ್ಲಿ ಮಾತಾಡುವಂತಿಲ್ಲ, ಬರೆದು ಕಳಿಸಿ ಎನ್ನುತ್ತಿದ್ದ. ಕ್ಯಾಮೆರಾ ನಡೆಯುತ್ತದೆಯೋ ಇಲ್ಲವೋ ಎಂದು ಒಮ್ಮೆಯೂ ಕೇಳಲಿಲ್ಲ. ಅವನ ಸಂದೇಶ ಬಂದಾಗಲೆಲ್ಲ ಕಿರಣಕುಮಾರ ಪಡಸಾಲೆಯಲ್ಲಿ ಗಟ್ಟಿಯಾಗಿ ಓದುತ್ತಿದ್ದ. ಹಿತ್ತಲಲ್ಲಿದ್ದ ಮಲ್ಲಿಕಾಗೂ ಕೇಳಿಸುತ್ತಿತ್ತು.

ಗುರುವಾರ, ಹಣ ಹಾಕಿದ್ದೇನೆಂದು ತೋರಿಸುವ ಚಿತ್ರ ಮೊಬೈಲಿಗೆ ಬಂತು. ಬ್ಯಾಂಕಿನ ಮುದ್ರೆ, ಹಸಿರು ಗುರುತು, ಎಲ್ಲ ಇತ್ತು. ಕಿರಣಕುಮಾರ ಅಷ್ಟಕ್ಕೇ ಉಬ್ಬಿಹೋದ. ಮರುದಿನ ಮುಂಜಾನೆ ರಟ್ಟಿನ ಡಬ್ಬಿ ಹಿಡಿದು ಕುಳಿತೇಬಿಟ್ಟ.

ಇಷ್ಟು ಅವಸರ ಮಾಡುತ್ತಾನೆಂದು ಮಲ್ಲಿಕಾ ಎಣಿಸಿರಲಿಲ್ಲ. "ರೊಕ್ಕ ಜಮಾ ಆಗೇತೇನ್ರಿ? ಒಮ್ಮೆ ನೋಡ್ರಿ."

"ಗಡಿ ಕಾಯೋ ಮನಷ್ಯಾನ ಮ್ಯಾಲೆ ಸಂಶಯ ಏನಲೇ? ನಿನಗ ಕೊಡೂ ಮನಸಿಲ್ಲ, ಹಂಗಂತ ಹೇಳು."

ಅವಳು ಹಿತ್ತಲಿಗೆ ಹೋದಳು. ತಾಯವ್ವ ತನ್ನ ಹಳೆಯ ಸೀರೆಯ ಮೆತ್ತನೆಯ ತುಂಡೊಂದನ್ನು ಮಗನತ್ತ ಎಸೆದಳು. "ಗಾಜಿಂದೈತಿ. ಹಂಗ ತುರಕಬ್ಯಾಡ."

ಡಬ್ಬಿಗೆ ಅಂಟುಪಟ್ಟಿ ಹಚ್ಚುವಾಗ ಮೊಬೈಲು ಸದ್ದು ಮಾಡಿತು. ಕಿರಣಕುಮಾರ ಓದಿದ: "ಇವತ್ತು ಶುಕ್ರವಾರ. ಲಕ್ಷ್ಮಿಯನ್ನು ಮನೆಯಿಂದ ಹೊರಗೆ ಹಾಕಬಾರದು. ನಾಳೆ ಕಳಿಸಿ." ಓದಿ ತೊಡೆ ತಟ್ಟಿಕೊಂಡ. "ಕೇಳಿದ್ಯಾ ಯವ್ವಾ? ಬಂದೂಕ ಹಿಡದಾಂವ, ಆದ್ರೂ ಎಷ್ಟ್ ದೈವಭಕ್ತ!"

ತಾಯವ್ವ ಸೊಸೆ ಹೋದ ಬಾಗಿಲತ್ತ ನೋಡಿದಳು. "ಹಂಗಾರ ಇವತ್ತ ಕೆಲಸಿಲ್ಲ. ಬ್ಯಾಂಕಿಗೆ ಹೋಗಿ ಪಾಸ್‌ಬುಕ್ಕರ ತುಂಬಿಸ್ಕೊಂಡು ಬಾ."

ಅವನು ಮಧ್ಯಾಹ್ನ ಮರಳಿದಾಗ ಮುಖದಲ್ಲಿ ರಕ್ತವಿರಲಿಲ್ಲ. ಹಣ ಬಂದಿರಲಿಲ್ಲ. ಚಿತ್ರ ನೋಡಿದ ಕೂಡಲೇ ಬ್ಯಾಂಕಿನ ಗಂಗಪ್ಪ ನಕ್ಕಿದ್ದನಂತೆ. ಇಂಥವರು ಮಿಲಿಟರಿಯವರ ವೇಷದಲ್ಲೇ ಬರುತ್ತಾರೆ, ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಖಾತೆಯನ್ನೂ ಬಳಿದುಕೊಂಡು ಹೋಗುತ್ತಿದ್ದರು ಎಂದನಂತೆ. ಕಿರಣಕುಮಾರ ಜಾಹೀರಾತು ಅಳಿಸಿದ. ಡಬ್ಬಿ ಬಿಚ್ಚಿ ಕ್ಯಾಮೆರಾವನ್ನು ಅವಳ ಮುಂದಿಟ್ಟ.

"ಇನ್ನ ಈ ಮೊಬೈಲ್ ವ್ಯಾಪಾರದ ಹೆಸರ ತಗಿಯೂದಿಲ್ಲ. ನೀನ ಇಟ್ಕೋ." ತುಸು ತಡೆದು ಕೇಳಿದ, "ಮಲ್ಲಿ, ನಿನಗ ಮೊದಲ ಗೊತ್ತಿತ್ತು?"

"ಹೌದ್ರಿ."

"ಮತ್ತ್ಯಾಕ ಹೇಳಲಿಲ್ಲ?"

"ಹೇಳಿದ್ರ ನಂಬತಿದ್ರೇನು?"

ಅವನು ತಲೆ ತಗ್ಗಿಸಿದ. ಮದುವೆಯಾದಂದಿನಿಂದ ಅವನು ಅವಳ ಮುಂದೆ ಹಾಗೆ ಕುಳಿತಿದ್ದೇ ಇಲ್ಲ. ಗೆದ್ದ ಸಂತೋಷ ಅವಳಿಗೆ ಆಗಲಿಲ್ಲ. ಆ ಬಗ್ಗಿದ ಕುತ್ತಿಗೆ ನೋಡಿದ ಮೇಲೆ ಅವಳಿಗೆ ಉಣ್ಣಲಾಗಲಿಲ್ಲ. ತಾಟಿಗೆ ಹಾಕಿಕೊಂಡ ರೊಟ್ಟಿ ಹಾಗೇ ಉಳಿಯಿತು.

ಅವನು ಹೊಲಕ್ಕೆ ಹೋದ ಮೇಲೆ ತಾಯವ್ವ ಹಿತ್ತಲಿಗೆ ಬಂದಳು. ಸೆರಗಿನ ಮರೆಯಿಂದ ಒಂದು ಮೊಬೈಲು ತೆಗೆದಳು. ಮಲ್ಲಿಕಾ ಮದುವೆಗೆ ಮೊದಲು ಬಳಸುತ್ತಿದ್ದ ಹಳೆಯ ಮೊಬೈಲು. ಒಡೆದ ಗಾಜಿನ ಹಿಂದೆ ಮೇಜರ್ ಸಾಹೇಬರ ಮೀಸೆ.

"ಒಲಿಗೆ ಶಗಣಿ ಕುಳ್ಳು ತರಾಕ ಹೋಗಿದ್ನಿ. ಕುಳ್ಳಿನ ಒಟ್ಟಿಲಿನ್ಯಾಗ ಇತ್ತು. ಮೊನ್ನೆನ ನೋಡೇನಿ."

ತಾಯವ್ವ ಅದನ್ನು ಸೊಸೆಯ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು.

"ಮಿಲಿಟರಿ ಮಂದಿ ಶುಕ್ರವಾರ ನೋಡೂದಿಲ್ಲಬೇ, ಮಲ್ಲಿ. ಮುಂದಿನ ಸಲ ನನ್ನ ಕೇಳಿ ಬರಿ."