ಕಲ್ಲಿನ ಮೊದಲ ಸಾಲು

ಇಷ್ಟು ಸಣ್ಣ ಸಂಗತಿಯನ್ನು ಕಥೆಯೆಂದು ಹೇಳಹೊರಟಿದ್ದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಹೇಳದೆ ಬಿಡಲು ಮನಸ್ಸು ಒಪ್ಪಲಿಲ್ಲ.

ಸನ್ಮಾನ ಸಮಾರಂಭದ ದಿನ ಮಧ್ಯಾಹ್ನ ಪರದೆ ಸಲೀಸಾಗಿ ಸರಿಯುತ್ತದೆಯೋ ಇಲ್ಲವೋ ನೋಡಲೆಂದು ಸಂಚಾಲಕಿ ಅದರ ದಾರ ಎಳೆದಳು. ಗ್ರಂಥಾಲಯದ ಗೋಡೆಗೆ ಕೂರಿಸಿದ್ದ ಕಪ್ಪು ಕಲ್ಲನ್ನು ಓದಿದಳು. ಮತ್ತೊಮ್ಮೆ ಓದಿದಳು. ‘ಸಾರ್ವಜನಿಕ ಸೇವೆಗೆ, ವಾಸ್ತುಶಿಲ್ಪ ವೃತ್ತಿಗೆ ನೀಡಿದ ಬೆಂಬಲಕ್ಕೆ ನಮ್ಮ ಗೌರವ’ ಎಂದು ಮೇಲೆ ದಪ್ಪ ಅಕ್ಷರ. ಅದರ ಕೆಳಗೆ ವಾಸ್ತುಶಿಲ್ಪಿಗಳ ಸಂಘದ ಪದ್ಧತಿಯಂತೆ ಮೊದಲು ಸಂಚಾಲಕಿಯ ಹೆಸರು, ಆಮೇಲೆ ಅಧ್ಯಕ್ಷರು, ಖಜಾಂಚಿ, ಸಮಿತಿಯವರೆಲ್ಲ. ಯಾರಿಗೆ ಗೌರವವೋ ಅವರ ಹೆಸರು ಮಾತ್ರ ಎಲ್ಲೂ ಇರಲಿಲ್ಲ. ಕರಡನ್ನು ಸಮಿತಿಯವರೆಲ್ಲ ನೋಡಿ ಒಪ್ಪಿದ್ದರು. ಪ್ರತಿಯೊಬ್ಬರೂ ತಂತಮ್ಮ ಹೆಸರನ್ನು, ಅದರ ಮುಂದಿನ ಪದವಿಯನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದರು. ಅವಳೂ ಅಷ್ಟೇ.

ಗೌರವ ಸವರಮ್ಮನಿಗೆ. ನಗರಸಭೆಯನ್ನು ನಡೆಸುತ್ತಿದ್ದ ಕಾಲದಲ್ಲಿ ಆಕೆ ಗೋಡೆಯನ್ನು ಅಂಗೈಯಿಂದ ಸವರಿ ನೋಡದೆ ಯಾವ ಕಟ್ಟಡವನ್ನೂ ಒಪ್ಪಿಕೊಳ್ಳುತ್ತಿರಲಿಲ್ಲ. ಗುತ್ತಿಗೆದಾರರು ಬೆನ್ನ ಹಿಂದೆ ಇಟ್ಟ ಹೆಸರು ಅದು. ಈ ಗ್ರಂಥಾಲಯವನ್ನು ವಾಸ್ತುಶಿಲ್ಪಿಯ ಗೊಡವೆಯೇ ಇಲ್ಲದೆ ಎಬ್ಬಿಸಿಬಿಡೋಣ ಎಂದು ಉಳಿದವರು ಹೇಳಿದಾಗ ಆಗುವುದಿಲ್ಲವೆಂದು ಪಟ್ಟು ಹಿಡಿದು ಕೂತವರು. ಉದ್ಘಾಟನೆಯ ಕಲ್ಲಿನಲ್ಲಿ ವಾಸ್ತುಶಿಲ್ಪಿಯ ಹೆಸರೂ ಇರಬೇಕೆಂದು ನಿಯಮ ಮಾಡಿಸಿದವರು. “ರಿಬ್ಬನ್ ಕತ್ತರಿಸಿದವರದ್ದು ಇರತ್ತೆ. ಗೀಚಿ ಗೀಚಿ ಕಣ್ಣು ಹಾಳುಮಾಡ್ಕೊಂಡವರದ್ದು ಯಾಕಿರಬಾರ್ದು?” ಎಂದು ತುಂಬಿದ ಸಭೆಯಲ್ಲಿ ಕೇಳಿದ್ದರಂತೆ.

ಫೋನ್ ಮಾಡಿದ್ದಕ್ಕೆ ಕಲ್ಲು ಕೆತ್ತಿದವನು ಊಟ ಬಿಟ್ಟು ಸ್ಕೂಟರಿನಲ್ಲಿ ಬಂದ.

“ನೀವು ಕೊಟ್ಟಿದ್ದನ್ನೇ ಕೆತ್ತಿದ್ದೀನಿ ಮೇಡಂ. ಒಂದಕ್ಷರ ಆಚೀಚೆ ಇಲ್ಲ.”

“ನಿಮ್ಮದೇನೂ ತಪ್ಪಿಲ್ಲಪ್ಪ. ಕೆಳಗಡೆ ಒಂದು ಹೆಸರು ಸೇರಿಸೋಕಾಗತ್ತಾ?”

“ಜಾಗ ಎಲ್ಲಿದೆ? ಅಂಚಿಗೆ ಒಂದು ಬೆರಳಿಗಿಂತ ಹೆಚ್ಚು ಬಿಡಬೇಡ, ಅಂದ ಕೆಡತ್ತೆ ಅಂತ ನಿಮ್ಮ ಅಧ್ಯಕ್ಷರೇ ಜೀವ ತಿಂದ್ರು.” ಅವನು ಕಲ್ಲನ್ನು ಮೇಲಿಂದ ಕೆಳಗೆ ಓದಿ ಕಿಸಕ್ಕನೆ ನಕ್ಕ. “ಹೀಗೇ ಬಿಟ್ರೆ ಸನ್ಮಾನ ನಿಮಗೇ ಅನ್ನೋ ಹಾಗಿದೆ.”

“ನಗಬೇಡಿ. ನನಗಿಲ್ಲಿ ಜೀವ ಬಾಯಿಗೆ ಬಂದಿದೆ.”

“ಒಂದು ಸಾಲು ಉಜ್ಜಿ ತೆಗೆದ್ರೆ ಅಲ್ಲೇ ಇನ್ನೊಂದು ಕೆತ್ತಬಹುದು. ಸಂಜೆಯೊಳಗೆ ಮುಗಿಸ್ತೀನಿ. ಯಾರದ್ದು ತೆಗೀಲಿ ಹೇಳಿ.”

ಅಷ್ಟರಲ್ಲಿ ಅವಳ ತಾಯಿಯ ಫೋನ್ ಬಂತು.

“ಬಸ್ಸು ಹತ್ತಿದ್ವಿ ಕಣೆ. ನಿನ್ನ ಚಿಕ್ಕಮ್ಮ ಕನ್ನಡಕ ಮರೆತು ಬಂದಿದ್ದಾಳೆ, ನಂದೇ ಇಬ್ಬರಿಗೂ ಆಗಬೇಕು. ಹೆಸರು ದೊಡ್ಡದಾಗಿ ಬರೆಸಿದ್ದೀಯ ತಾನೆ?”

“ಹ್ಞೂಂ, ಅಮ್ಮ.”

“ಕಂಡವರ ಮನೆಯೆಲ್ಲ ಗೀಚಿಕೊಟ್ಟೆ. ನಿಂದು ಅಂತ ಎಲ್ಲೂ ಒಂದು ಗುರುತಿಲ್ಲ. ಇವತ್ತಾದ್ರೂ ಕಣ್ತುಂಬ ನೋಡ್ತೀನಿ.”

ಫೋನ್ ಇಟ್ಟು ಸಂಚಾಲಕಿ ಕಲ್ಲಿನ ಮುಂದೆ ನಿಂತಳು. ಇಷ್ಟು ವರ್ಷ ಅವಳು ಬರೆದ ನಕ್ಷೆಗಳ ಮೂಲೆಯಲ್ಲಿದ್ದದ್ದು ಕಚೇರಿಯ ಯಜಮಾನರ ಹೆಸರು. ಖಜಾಂಚಿಯ ಸಾಲು ತೆಗೆಸಿದರೆ ಅವರಿಗೆ ಗೊತ್ತಾಗುವುದು ಪರದೆ ಸರಿದ ಮೇಲೆಯೇ ಎಂಬ ಯೋಚನೆ ಸುಳಿಯದೆ ಇರಲಿಲ್ಲ. ಆದರೆ ‘ನಮ್ಮ ಗೌರವ’ ಎಂಬ ಮಾತಿನ ಸರಿ ಕೆಳಗೆ, ಗೌರವ ಪಡೆಯುವವರ ಹೆಸರು ಇರಬೇಕಾದ ಜಾಗದಲ್ಲಿ, ಇದ್ದದ್ದು ಒಂದೇ ಸಾಲು.

“ಮೊದಲನೇದು ತೆಗೀರಿ.”

ಅವನು ಕಲ್ಲನ್ನೊಮ್ಮೆ, ಅವಳನ್ನೊಮ್ಮೆ ನೋಡಿದ. “ಅದು ನಿಮ್ಮದಲ್ವಾ?”

“ಹೌದು. ಬೇಗ.”

“ಉಜ್ಜಿದ ಕಡೆ ಸ್ವಲ್ಪ ತಗ್ಗಾಗತ್ತೆ. ಕಣ್ಣಿಗೆ ಕಾಣಲ್ಲ, ಬಿಡಿ,” ಎನ್ನುತ್ತ ಅವನು ಯಂತ್ರದ ವೈರು ಬಿಚ್ಚಿದ. ಬೂದಿಯಂಥ ಧೂಳು ಎದ್ದಿತು. ಮುಗಿಯುವವರೆಗೂ ಅವಳು ಪಕ್ಕದಲ್ಲೇ ನಿಂತು ಒದ್ದೆ ಬಟ್ಟೆಯಿಂದ ಉಳಿದವರ ಹೆಸರುಗಳನ್ನು ಒರೆಸುತ್ತಿದ್ದಳು.

ಸಂಜೆ ಪರದೆ ಸರಿಯಿತು, ಚಪ್ಪಾಳೆ ಬಿತ್ತು. ಸಮಿತಿಯವರು ತಮ್ಮ ತಮ್ಮ ಸಾಲಿನ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು. ಸಂಚಾಲಕಿಯ ಹೆಸರು ಕಾಣೆಯಾದದ್ದನ್ನು ಯಾರೂ ಕೇಳಲಿಲ್ಲ. ಆಮೇಲೆ ಸವರಮ್ಮ ಮುಂದೆ ಬಂದು, ಅಭ್ಯಾಸಬಲದಂತೆ, ಕಲ್ಲನ್ನು ಮೇಲಿನಿಂದ ಸವರತೊಡಗಿದರು. ತಮ್ಮ ಹೆಸರಿನ ಹತ್ತಿರ ಕೈ ನಿಂತಿತು. ಹಿಂದೆ ಹೋಯಿತು, ಮತ್ತೆ ಮುಂದೆ ಬಂತು.

“ಇಲ್ಲಿ ಬೇರೆ ಯಾರೋ ಇದ್ರು,” ಎಂದರು.

“ಇಲ್ಲ ಮೇಡಂ, ಕಲ್ಲೇ ಹಾಗೆ,” ಎಂದು ನಕ್ಕರು ಸಂಘದ ಅಧ್ಯಕ್ಷರು.

ಹಿಂದಿನಿಂದ ಒಂದು ದನಿ ಕೇಳಿಸಿತು. “ಎಲ್ಲೇ ನಿನ್ನ ಹೆಸರು? ಮೇಲಿಂದ ಕೆಳಗೆ ನೋಡಿದೆ, ಕೆಳಗಿಂದ ಮೇಲೆ ನೋಡಿದೆ. ಈ ಕನ್ನಡಕವೇ ಸರಿ ಇಲ್ಲ ಅನ್ಸತ್ತೆ.” ಸಂಚಾಲಕಿ ತಾಯಿಯ ಮೊಣಕೈ ಹಿಡಿದು “ಆಮೇಲೆ ಹೇಳ್ತೀನಮ್ಮ” ಎಂದು ಪಿಸುಗುಟ್ಟಿದಳು. ಅವಳ ಉಗುರಿನ ಸಂದಿಯಲ್ಲಿ ಇನ್ನೂ ಬೂದು ಧೂಳಿತ್ತು.

ಸವರಮ್ಮ ತಿರುಗಿ ನೋಡಿದರು. ಪಕ್ಕಕ್ಕೆ ಸರಿದು ಜಾಗ ಬಿಟ್ಟರು.

“ಕನ್ನಡಕ ತೆಗೀರಿ ಅಮ್ಮ. ಇಲ್ಲಿ ಬನ್ನಿ, ಕೈಯಿಟ್ಟು ನೋಡಿ.”

ತಾಯಿ ಆ ತಗ್ಗಿನಲ್ಲಿ ಅಂಗೈ ಇಟ್ಟು ಬಹಳ ಹೊತ್ತು ನಿಂತಿದ್ದರು. ಆ ಕೈಗೆ ಏನು ತಿಳಿಯಿತೋ, ನನಗೆ ಗೊತ್ತಿಲ್ಲ.