ಅಂಬಕ್ಕನ ತೊಟ್ಟಿ

ಸತ್ತವರು ಮೀನಾಗಿ ಒಂದು ವರ್ಷ ಮನೆಯಲ್ಲೇ ಉಳಿಯುವುದು ಈಗ ಎಲ್ಲರ ಮನೆಯ ಸಂಗತಿ. ಮಂದಾಕಿನಿಯ ಅತ್ತೆ ಅಂಬಕ್ಕ ಕಪ್ಪು ಮೋಲಿ ಮೀನಾಗಿ ಬಂದು ಮೂರು ವಾರವಾಗಿತ್ತು. ಭಾನುವಾರ ಬೆಳಿಗ್ಗೆ ಮಂದಾಕಿನಿ ಪೈಪಿಟ್ಟು ತೊಟ್ಟಿಯ ಕಾಲುಭಾಗ ನೀರನ್ನಷ್ಟೇ ತೆಗೆದಳು; ಹೊಸ ನೀರನ್ನು ಹಿಂದಿನ ದಿನವೇ ಬಕೆಟ್ಟಿನಲ್ಲಿ ಹಿಡಿದಿಟ್ಟಿದ್ದಳು.

"ಅಮ್ಮಂಗೆ ಮಡಿ ಕಣೇ. ನೀರೆಲ್ಲಾ ಚೆಲ್ಲಿ, ಗಾಜನ್ನ ಹುಣಸೆಹಣ್ಣು ಹಾಕಿ ತಿಕ್ಕಬಾರ್ದಾ?" ಎಂದ ಗಂಡ ಶ್ರೀಪಾದ.

"ಎದುರುಮನೆಯವ್ರು ಹಾಗೆ ತಿಕ್ಕಿಯೇ ಅಜ್ಜನ್ನ ಎರಡನೇ ಸಲ ಕಳ್ಕೊಂಡ್ರು. ಸುಮ್ನಿರಿ."

ಅವಳು ಮುಂದಿನ ಗಾಜನ್ನಷ್ಟೇ ಒರೆಸಿ, ಹಿಂದಿನ ಗಾಜಿನ ಪಾಚಿಯನ್ನು ಹಾಗೇ ಬಿಟ್ಟಳು. ಬೇರೆ ಜಾತಿಯವಳೆಂದು ಇಪ್ಪತ್ತು ವರ್ಷ ಅವಳ ಕೈಯ ನೀರನ್ನೂ ಕುಡಿಯದ ಅಂಬಕ್ಕ, ಆ ಕೈ ಇನ್ನೂ ನೀರಲ್ಲಿರುವಾಗಲೇ ಹತ್ತಿರ ಬಂದು, ಬೆರಳಿಗಂಟಿದ ಪಾಚಿಯನ್ನು ಮೆಲ್ಲಗೆ ತಿನ್ನತೊಡಗಿದರು.